ತೋಳಿನ ಅಳತೆ

ಅಕ್ಕಾ,

ನೀನು ಹೋಗಿ ತಿಂಗಳಾಯಿತು. ಇವತ್ತು ನಿನ್ನ ರಿಪೋರ್ಟು ಹಿಡಿದುಕೊಂಡು ಡಾಕ್ಟರ ಬಳಿ ಹೋಗಿದ್ದೆ. ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗೆ ಬರುವ ಅಪರೂಪದ ಕ್ಯಾನ್ಸರಂತೆ. ಅದು ಸುರಿಸಿದ ಹಾರ್ಮೋನಿನಿಂದಲೇ ನಿನ್ನ ಮೈ ಊದಿದ್ದಂತೆ.

"ಹೊಟ್ಟೆ ದಪ್ಪ ಆಗ್ತಾ ಕೈಕಾಲು ಸಣ್ಣ ಆಗ್ತಿತ್ತಾ? ಗಮನಿಸಿದ್ರಾ?"

"ಇಲ್ಲ ಡಾಕ್ಟ್ರೇ" ಅಂದುಬಿಟ್ಟೆ.

ಆಗಿನಿಂದ ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತೇನೆ, ಏಳುತ್ತೇನೆ. ಅಳತೆ ಪುಸ್ತಕ ತೆಗೆದು ನೋಡಿದೆ. ಒಂದೇ ವರ್ಷದಲ್ಲಿ ನಿನ್ನ ಅಂಗಿಗಳ ಹೊಟ್ಟೆಯ ಹೊಲಿಗೆಯನ್ನು ಮೂರು ಸಲ ಬಿಡಿಸಿದ್ದೇನೆ, ತೋಳಿನ ಸುತ್ತಳತೆಯನ್ನು ಎರಡು ಸಲ ಕಡಿಮೆ ಮಾಡಿದ್ದೇನೆ. ಎಲ್ಲವೂ ನನ್ನದೇ ಕೈಬರಹ.

"ಸ್ವಲ್ಪ ಬಾಯಿ ಕಟ್ಟೇ, ಇನ್ನು ಬಿಡ್ಸೋಕೆ ಒಳಗೆ ಬಟ್ಟೆ ಇಲ್ಲ" ಎಂದು ಗಿರಾಕಿಗಳ ಮುಂದೆಯೇ ಹೇಳಿದ್ದೆ. ನೀನು ನಕ್ಕೆ. ಆಗ ನನ್ನ ಟೇಪು ನಿನ್ನ ತೋಳಿನ ಸುತ್ತಲೇ ಇತ್ತು.