ಹನ್ನೊಂದು ಪಾಸ್‌ಪೋರ್ಟುಗಳಿಗೆ ಒಂದೊಂದು ಕಾಗದ ಕೊಡಿ

ವಿದೇಶಾಂಗ ಇಲಾಖೆಯ ಶಿಸ್ತು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಪರರ ವಸ್ತುವನ್ನು ಪರರಿಗೇ ಹಿಂದಿರುಗಿಸಿದ ಘೋರ ಅಪರಾಧಕ್ಕಾಗಿ ತಾವು ಕಳಿಸಿದ ನೋಟಿಸು ಕೈಸೇರಿತು. ‘ನಾಶಪಡಿಸಬೇಕಾಗಿದ್ದ ಇಪ್ಪತ್ತಾರು ಪಾಸ್‌ಪೋರ್ಟುಗಳನ್ನು ರಸೀದಿ ಪಡೆಯದೆ ಮಾಲೀಕರಿಗೆ ಕೊಟ್ಟಿದ್ದೇಕೆ?’ ಎಂದು ಕೇಳಿದ್ದೀರಿ. ‘ಮೊದಲ ಹನ್ನೊಂದರ ಮಟ್ಟಿಗೆ ಆದೇಶಪಾಲನೆ ತೃಪ್ತಿಕರ’ ಎಂದು ಬೆನ್ನೂ ತಟ್ಟಿದ್ದೀರಿ. ಹರಿದದ್ದಕ್ಕೆ ಶಹಬಾಸು, ಕೊಟ್ಟದ್ದಕ್ಕೆ ನೋಟಿಸು! ಮೂರು ಸಲ ಉತ್ತರ ಬರೆದೆ. ಮೂರೂ ‘ನಿಗದಿತ ನಮೂನೆಯಲ್ಲಿಲ್ಲ’ ಎಂದು ಮರಳಿ ಬಂದವು. ಹಾಗಾಗಿ ಈ ಸಲ ಪತ್ರಿಕೆಗೇ ಬರೆಯುತ್ತಿದ್ದೇನೆ.

ಓದುಗರಿಗೂ ತಿಳಿಯಲಿ. ನಾನು ಪರದೇಶವೊಂದರ ನಮ್ಮ ರಾಯಭಾರ ಕಚೇರಿಯಲ್ಲಿ ವೀಸಾ ಗುಮಾಸ್ತನಾಗಿದ್ದೆ. ನಮ್ಮಲ್ಲಿಗೆ ಬರಬಯಸುವ ಅಲ್ಲಿನ ಜನ ಅರ್ಜಿಯ ಜೊತೆಗೆ ಪಾಸ್‌ಪೋರ್ಟನ್ನೂ ನಮಗೊಪ್ಪಿಸುತ್ತಾರೆ. ಅದು ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಜೇಬಿನಲ್ಲಿ. ಆ ಮಂಗಳವಾರ ಬೆಳಿಗ್ಗೆ ಅಲ್ಲಿನ ಸರ್ಕಾರ ಬಿತ್ತು. ಹತ್ತು ಗಂಟೆಗೆ ಇಲಾಖೆಯ ಆದೇಶ: ಎರಡಕ್ಕೆ ವಾಹನ, ಅಷ್ಟರೊಳಗೆ ‘ಸೂಕ್ಷ್ಮ ದಾಖಲೆ’ಗಳೆಲ್ಲ ಚೂರಾಗಬೇಕು. ಪಟ್ಟಿಯಲ್ಲಿ ಜನರ ಪಾಸ್‌ಪೋರ್ಟೂ ಇತ್ತು. ಊರಿಗೆ ಊರೇ ಓಡಲು ಹವಣಿಸುತ್ತಿರುವಾಗ, ಓಡಲು ಬೇಕಾದ ಕಾಗದ ನಮ್ಮ ಚೂರು ಮಾಡುವ ಯಂತ್ರದ ಬಾಯಿಗೆ! ನೆರೆಮನೆಗೆ ಬೆಂಕಿ ಬಿದ್ದಾಗ ಅವರ ಏಣಿಯನ್ನು ಸೌದೆ ಮಾಡುವುದೇ ವಿದೇಶಾಂಗ ನೀತಿಯೆಂದು ಅಂದು ಕಲಿತೆ. ಮೇಲಧಿಕಾರಿಗಳು ಗೋಡೆಯ ವರ್ಣಚಿತ್ರವನ್ನು ಕಂಬಳಿಯಲ್ಲಿ ಸುತ್ತಿ ವಾಹನಕ್ಕೇರಿಸುತ್ತಿದ್ದರು. ಅದನ್ನು ಚೂರು ಮಾಡಿರೆಂದು ಯಾರೂ ಹೇಳಿರಲಿಲ್ಲ.

ನಾನೇನು ಧೀರನಲ್ಲ. ಇಪ್ಪತ್ತು ವರ್ಷ ‘ಆಗಲಿ ಸಾರ್’ ಅಂದ ನಾಲಗೆ ನನ್ನದು. ಆಜ್ಞೆ ಬಂತು, ಪ್ರಜ್ಞೆ ನಿಂತು, ಯಂತ್ರ ತಿಂತು. ರಟ್ಟು ಕಿತ್ತು, ಹನ್ನೊಂದನ್ನು ನಾನೇ ತುರುಕಿದೆ. ಹನ್ನೆರಡನೆಯದನ್ನು ಬಿಚ್ಚಿದರೆ ಎದುರು ಬೀದಿಯ ಹಲ್ಲಿನ ಡಾಕ್ಟರಮ್ಮ! ಹಿಂದಿನ ತಿಂಗಳಷ್ಟೇ ನನ್ನ ದವಡೆ ಹಲ್ಲು ಕೀಳುವಾಗ, “ಇನ್ನೂ ದೊಡ್ಡದಾಗಿ ತೆಗಿ ತಮ್ಮಾ. ನಿಮ್ ಆಫೀಸ್ನೋರು ಹಲ್ಲು ಕೀಳ್ಸೋಕೂ ಬಾಯಿ ಬಿಡಲ್ವಲ್ಲಪ್ಪ!” ಅಂದಿದ್ದರು.

ಯಂತ್ರ ನಿಲ್ಲಿಸಿದೆ. ಅರ್ಜಿಗಳಲ್ಲಿದ್ದ ನಂಬರುಗಳಿಗೆಲ್ಲ ಫೋನು ಮಾಡಿ, ಹಿಂಬದಿಯ ಕಿಟಕಿಯಿಂದ ಒಂದೊಂದೇ ಕೊಟ್ಟೆ. ರಸೀದಿ ಬರೆಸಿಕೊಳ್ಳಲಿಲ್ಲ, ನಿಜ. ಬೀದಿಯಲ್ಲಿ ಗುಂಡು ಹಾರುತ್ತಿರುವಾಗ ‘ಸ್ಪಷ್ಟ ಅಕ್ಷರದಲ್ಲಿ ಭರ್ತಿ ಮಾಡಿ’ ಎನ್ನಬೇಕಿತ್ತೇ ಸ್ವಾಮೀ?

ಗಾಯಾಳುಗಳನ್ನು ನೋಡುತ್ತಿದ್ದ ಡಾಕ್ಟರಮ್ಮ ಕೊನೆಗೆ ಬಂದರು. ತಮ್ಮದನ್ನು ಪಡೆದು ಮತ್ತೆ ಕೈ ಚಾಚಿದರು.

“ನಮ್ಮ ಯಜಮಾನ್ರದ್ದು?”

ಗಂಡ ಹೆಂಡತಿಯ ಅರ್ಜಿಗಳು ಒಟ್ಟಿಗೇ ಬಂದಿದ್ದವು. ಯಜಮಾನರದು ಹನ್ನೊಂದನೆಯದು.

“ಅಕ್ಕಾ, ಅದು ಯಂತ್ರಕ್ಕೆ ಹೋಯ್ತು.”

“ಯಾಕಪ್ಪ, ಹರಿದಿತ್ತಾ?”

“ಇಲ್ಲಕ್ಕಾ. ಚೆನ್ನಾಗೇ ಇತ್ತು.”

ಅವರು ಬೈಯಲಿಲ್ಲ. “ನೋವೇ ಗೊತ್ತಾಗ್ದಂಗೆ ಕೀಳ್ತೀರಪ್ಪ ನೀವು. ನನಗಿಂತ ಚೆನ್ನಾಗಿ,” ಅಂದು ಹೋದರು.

ಅವರ ಯಜಮಾನರು ಬಿದ್ದ ಸರ್ಕಾರದ ರೇಡಿಯೊದಲ್ಲಿ ವಾರ್ತೆ ಓದುತ್ತಿದ್ದವರು. ಹೊಸಬರು ಈಗ ಹಳೆಯ ದನಿಗಳನ್ನು ಮನೆಮನೆಯಲ್ಲಿ ಹುಡುಕುತ್ತಿದ್ದಾರೆ. ಪಕ್ಕದ ದೇಶದ ಗಡಿ ಠಾಣೆಯವರು, ‘ಪಾಸ್‌ಪೋರ್ಟ್ ಇಲ್ಲದಿದ್ದರೆ ಅದನ್ನು ನಾಶಮಾಡಿದವರ ಪತ್ರ ತನ್ನಿ, ಬಿಡುತ್ತೇವೆ’ ಎನ್ನುತ್ತಾರೆ. ಆ ಪತ್ರ ಕೇಳಿದರೆ ನಿಮ್ಮ ವಿಭಾಗ, ‘ನಾಶಪಡಿಸಿದ ವಿವರ ಗೋಪ್ಯ; ದೃಢೀಕರಿಸಲಾಗದು’ ಎನ್ನುತ್ತದೆ. ನನ್ನ ಬೆನ್ನು ತಟ್ಟುವಾಗ ದೃಢವಾಗಿದ್ದ ಹನ್ನೊಂದು, ಅವರ ಜೀವ ಉಳಿಸುವಾಗ ಗೋಪ್ಯವಾಯಿತೇ?

ಪ್ರತಿ ಭಾನುವಾರ ಡಾಕ್ಟರಮ್ಮನ ಫೋನು.

“ತಮ್ಮಾ, ಕಾಗದ ಬಂತಾ?”

“ಇನ್ನೂ ಇಲ್ಲಕ್ಕಾ. ನೀವಾದ್ರೂ ಹೊರಡಿ.”

“ಇವರನ್ನ ಬಿಟ್ಟಾ? ಸುಮ್ನಿರು. ಸೂಟ್‌ಕೇಸ್ ಕಟ್ಟಿಟ್ಟು ದಿನಾ ಅದ್ರಿಂದ್ಲೇ ಬಟ್ಟೆ ತೆಗೆದು ಹಾಕ್ಕೊಳ್ತಿದೀವಿ.”

ಮಾನ್ಯರೇ, ಇಪ್ಪತ್ತಾರಕ್ಕೆ ನನಗೆ ಶಿಕ್ಷೆ ಕೊಡಿ. ಬಡ್ತಿ ತಡೆಯಿರಿ, ಕೆಲಸದಿಂದ ತೆಗೆಯಿರಿ, ತಕರಾರಿಲ್ಲ. ಹನ್ನೊಂದು ಜನರ ಹೆಸರು, ವಿಳಾಸ ನನ್ನ ಬಳಿ ಇವೆ. ಹೆಸರಿಗೊಂದು ಕಾಗದ ಕೊಡಿ: ‘ಇವರ ಪಾಸ್‌ಪೋರ್ಟನ್ನು ನಾವೇ ನಾಶಪಡಿಸಿದ್ದೇವೆ.’ ಒಂದು ಸಾಲು, ಒಂದು ಸಹಿ, ಒಂದು ಮೊಹರು ಸಾಕು. ರಸೀದಿ ಬೇಕೆಂದರೆ ಈ ಸಲ ಖಂಡಿತ ಬರೆಸಿಕೊಳ್ಳುತ್ತೇನೆ.

ಇಂದು ಗುರುವಾರ. ಭಾನುವಾರ ಫೋನು ಬರುತ್ತದೆ. ಬರಲಿ ಎಂದೇ ಕಾಯುತ್ತೇನೆ.

ಇಂತಿ,
ತಮ್ಮ ಅವಿಧೇಯ,
ಆದರೆ ಹನ್ನೊಂದು ಸಲ ವಿಧೇಯನಾಗಿದ್ದ
ವೀಸಾ ಗುಮಾಸ್ತ