ಗಂಗವ್ವನ ಕಲ್ಲು ಇದ್ದ ಜಾಗ

ಶಹಾಬಾದ
12-10-1986

ಪ್ರೀತಿಯ ಅಕ್ಕ ಸಾಬಮ್ಮನಿಗೆ,

ನಿನ್ನ ತಮ್ಮ ಚಂದ್ರಾಮನ ನಮಸ್ಕಾರ. ನಿನ್ನ ಎರಡೂ ಕಾಗದ ತಲುಪಿವೆ. ಉತ್ತರ ಬರೆಯಲು ತಿಂಗಳು ಮಾಡಿದೆ, ತಪ್ಪಾಯಿತು. ಶಹಾಬಾದಿನಿಂದ ವಾಡಿಗೆ ರೈಲಿನಲ್ಲಿ ಬಂದು ಹೋಗಲು ನಿನಗೇನು ಧಾಡಿ ಎಂದು ಬೈದಿದ್ದೀಯ. ಸರಿಯೇ. ಮಾಮಾನ ಬೆನ್ನುನೋವು ಹೇಗಿದೆ?

ನನ್ನ ನೌಕರಿ ಖಾಯಂ ಆಯಿತು ಅಕ್ಕ. ಆರು ವರ್ಷ ತಾತ್ಕಾಲಿಕ ಎಂದು ಸಹಿ ಹಾಕಿ ಹಾಕಿ ಸಾಕಾಗಿತ್ತು. ಆದೇಶ ಬಂದು ಇಪ್ಪತ್ತು ದಿನವಾದರೂ ಯಾರಿಗೂ ಪೇಢೆ ಕೊಟ್ಟಿಲ್ಲ. ಯಾಕೆಂದು ಹೇಳುತ್ತೇನೆ.

ವಿಶ್ವವಿದ್ಯಾಲಯದ ನಮ್ಮ ಪ್ರಕೃತಿ ವಿಕೋಪ ಅಧ್ಯಯನ ಕೇಂದ್ರದ ಕೆಲಸ ನಿನಗೆ ಗೊತ್ತಿದ್ದದ್ದೇ. ಕಾಗಿಣಾ ಹೊಳೆ ಹಿಂದೆ ಎಲ್ಲಿಯವರೆಗೆ ಏರಿತ್ತು ಎಂದು ಊರೂರು ತಿರುಗಿ ಅಳೆಯುವುದು. ಯಾರನ್ನು ಕೇಳಿದರೂ ಎದೆಮಟ್ಟ, ಸೊಂಟಮಟ್ಟ ಎನ್ನುತ್ತಾರೆ. ಯಾರ ಎದೆ, ಯಾರ ಸೊಂಟ? ಅದಕ್ಕೇ ನಮ್ಮೂರಿನ ಸರದಿ ಬಂದಾಗ ನಾನು ಉಬ್ಬಿಹೋದೆ. ಹೊಳೆ ಇಳಿದ ಮೇಲೆ ನಮ್ಮ ಮಂದಿ ನೀರು ನಿಂತ ಜಾಗದಲ್ಲೇ ಗಂಗವ್ವನ ಕಲ್ಲು ಇಟ್ಟು ವರ್ಷ ವರ್ಷ ಕಡಬು ಎಡೆ ಮಾಡುತ್ತಾರೆ, ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ ಎಂದು ಕೇಂದ್ರದ ದೊಡ್ಡ ಸಾಹೇಬರ ಮುಂದೆ ಭಾಷಣವನ್ನೇ ಮಾಡಿದೆ. ಯುಗಾದಿಗೆ ನೀನು ಬಂದಿದ್ದಾಗ ಅಳೆದೆವಲ್ಲ, ಟೇಪಿನ ಒಂದು ತುದಿ ನಿನ್ನ ಕೈಯಲ್ಲೇ ಇತ್ತು. ಸಾಹೇಬರು ಬಹಳ ಮೆಚ್ಚಿ, ಈ ವರದಿಯ ಮೇಲೆಯೇ ನನ್ನನ್ನು ಖಾಯಂ ಮಾಡಿಸುತ್ತೇನೆ ಎಂದರು. ವರದಿ ಅಚ್ಚಾಯಿತು. ಆ ಕಲ್ಲಿನಿಂದ ಮೇಲಕ್ಕೆ ಭಯವಿಲ್ಲ ಎಂದು ಹೊಳೆದಂಡೆಯ ಇಪ್ಪತ್ತೆರಡು ಮನೆಗಳಿಗೆ ಅಲ್ಲೇ ಪ್ಲಾಟು ಗುರುತು ಮಾಡಿದರು.

ಹೋದ ತಿಂಗಳು ಊರಿಗೆ ಹೋದಾಗ ಪಾಯ ತೋಡುತ್ತಿದ್ದರು. ಭೀಮಬಾಯಿ ಆಯಿ ನನ್ನನ್ನು ಕರೆದು, "ಯಪ್ಪಾ ಚಂದ್ರಾಮ, ಹೊಳಿ ಬರೋ ಜಾಗದಾಗ ಮನಿ ಕಟ್ಟಸಲಿಕತ್ತೀರಲ್ಲ" ಎಂದಳು. ದೊಡ್ಡ ಹೊಳೆ ಉಕ್ಕಿ ಬಂದದ್ದನ್ನು ಕಂಡವರಲ್ಲಿ ಊರಿನಲ್ಲಿ ಉಳಿದವಳು ಅವಳೊಬ್ಬಳೇ. ನಾವಿಬ್ಬರೂ ಆಗ ಇನ್ನೂ ಹುಟ್ಟಿರಲಿಲ್ಲ. ಕಲ್ಲು ತೋರಿಸಿದರೆ ನಕ್ಕಳು.

"ಆ ಕಲ್ಲು ಮ್ಯಾಲ ಬನ್ನಿಗಿಡದ ಬುಡಕ ಇತ್ತು. ನಿಮ್ಮವ್ವಗ ಮೊಣಕಾಲು ಹಿಡದು ದಿಬ್ಬ ಏರಲಿಕ್ಕ ಆಗಲಿಲ್ಲ, ಅದಕ ಕೆಳಗ ತಂದು ಇಟ್ರು. ಎಲ್ಲಿ ಇಟ್ರೂ ಗಂಗವ್ವ ಗಂಗವ್ವನೇ ಅಲ್ಲೇನು?"

ಅಳೆದು ನೋಡಿದೆ. ಬನ್ನಿಗಿಡದ ಬುಡ ಕಲ್ಲಿಗಿಂತ ಏಳು ಅಡಿ ಎತ್ತರ. ಇಪ್ಪತ್ತೆರಡು ಪ್ಲಾಟೂ ಅದರ ಕೆಳಗೆ. ಮರುದಿನವೇ ಸಾಹೇಬರ ಮುಂದೆ ನಿಂತೆ. "ಕಲ್ಲು ತಾನೇ ಇಳದು ಬಂತು ಅಂತ ಬರೀಲೇನು? ಮುದುಕಿ ಬಾಯಿಮಾತು ನಡ್ಯಂಗಿಲ್ಲ. ಕಲ್ಲು ಸರಿಸಿದವರ ಸಹಿ ತರ್ರಿ, ಆಮ್ಯಾಲ ನೋಡೋಣ" ಎಂದು ಫೈಲು ಮುಚ್ಚಿದರು. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಅದೇ ಮಾತು. ಊರಲ್ಲಿ ಹೇಳಿದರೆ, ತನ್ನ ಪ್ಲಾಟಿನಲ್ಲಿ ಪಾಯ ತೋಡುತ್ತಿದ್ದ ಅಂಬಾರಾಯ ಗುದ್ದಲಿ ಕೆಳಗಿಡಲಿಲ್ಲ. "ಬರದವನೂ ನೀನೇ, ಬ್ಯಾಡ ಅನ್ನವನೂ ನೀನೇ" ಎಂದ. ಹೊಳೆ ಕಂಡ ಮುದುಕಿಯ ಮಾತಿಗೆ ಬೆಲೆಯಿಲ್ಲ, ನನ್ನ ಟೇಪಿಗೆ ಬೆಲೆ. ತಲೆ ಚಚ್ಚಿಕೊಳ್ಳಬೇಕು ಎನಿಸುತ್ತದೆ.

ಅವ್ವ ತೀರಿಕೊಂಡು ಎಂಟು ವರ್ಷವಾಯಿತು. ಸಹಿ ಯಾರದು ತರಲಿ?

ಮಕ್ಕಳಿಗೆ ನನ್ನ ಆಶೀರ್ವಾದ, ಮಾಮಾನಿಗೆ ಶರಣು. ಗಂಗವ್ವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಚಂದ್ರಾಮ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಆ ಕಲ್ಲು ಹೊತ್ತು ತಂದವರು ಯಾರು ಎಂದು ಆಯಿಯನ್ನು ಕೇಳದೆ ಬಿಟ್ಟೇನೆಯೇ? ಅವ್ವ ಮುಂದೆ, ಕಲ್ಲು ನಿನ್ನ ತಲೆಯ ಮೇಲೆ. ಆಗ ನಿನಗೆ ಹದಿನಾಲ್ಕು ವರ್ಷ, ನಾನು ತೊಟ್ಟಿಲಲ್ಲಿದ್ದೆ. "ತಮ್ಮನ ನೌಕರಿ ಖಾಯಂ ಆಗಲಿ ಅಂತ ಸುಮ್ಮಕಿದ್ದೆ ಅಂತ ಅಕಿನೇ ನನ್ನ ಮುಂದ ಅಂದಾಳ. ಅಕಿಗಿ ಏನೂ ಅನಬ್ಯಾಡಪ್ಪ" ಎಂದಳು. ಏನೂ ಅನ್ನುವುದಿಲ್ಲ. ಟೇಪಿನ ತುದಿಯನ್ನು ಕಲ್ಲಿಗೆ ಒತ್ತಿ ಹಿಡಿ ಎಂದಾಗ ನೀನು ಹೊಳೆಯ ಕಡೆ ಮುಖ ತಿರುಗಿಸಿದ್ದು ಮಾತ್ರ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇದರ ಜೊತೆ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ನನ್ನ ಆದೇಶ ರದ್ದಾದರೆ ಆಗಲಿ. ನಡೆದದ್ದು ಬರೆದು ಸಹಿ ಮಾಡಿ ಕಳಿಸು ಅಕ್ಕ.