ಎರಡು ಕಣ್ಣಾಗುವ ವಾರ

ಮುಧೋಳ
೧೫ ಜನವರಿ ೨೦೨೫

ತಮ್ಮಾ ಮುತ್ತಣ್ಣ,

ಅಕ್ಕನ ಆಶೀರ್ವಾದ. ನೀನೂ ಕುರಿಗಳೂ ಆರಾಮ ಇದ್ದೀರೆಂದು ತಿಳಿಯುತ್ತೇನೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕಳಿಸಲು ಆಗಲಿಲ್ಲ, ಸಿಟ್ಟಾಗಬೇಡ. ಬೀಳಗಿ ಹಿನ್ನೀರಿನ ಕಡೆ ನಿನ್ನ ಫೋನು ಹತ್ತುವುದಿಲ್ಲ. ಅದಕ್ಕೇ ನಿನಗೆ ಹಿಟ್ಟು ತರುವ ಕಾಮಣ್ಣನ ಕೈಯಲ್ಲಿ ಈ ಕಾಗದ.

ನೀನು ಮನೆಯಲ್ಲಿ ಬಿಟ್ಟುಹೋದ ಗಬ್ಬದ ಕುರಿ ಈದಿತು. ಮರಿಗೆ ಹಣೆಯ ನಡುವೆ ಒಂದೇ ಕಣ್ಣು; ತಾಸಿನಲ್ಲಿ ಸತ್ತಿತು. ಕೈಹಾಕಿ ಎಳೆದವಳು ನಿನ್ನ ಹೆಂಡತಿ ವೈಶಾಲಿ. ಏಳು ತಿಂಗಳ ಬಸುರಿ ಅಂಥದ್ದನ್ನು ಮುಟ್ಟಿದಳು, ಹೊಟ್ಟೆಯ ಕೂಸಿಗೂ ಹಾಗೇ ಆಗುತ್ತದೆ ಎಂದು ಅವ್ವ ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದಾಳೆ. ಊಟ ಬಾಗಿಲಿಗೇ. ಹುಡುಗಿ ಅತ್ತೂ ಅತ್ತೂ ಈಗ ಅಳುವುದನ್ನೂ ಬಿಟ್ಟಿದ್ದಾಳೆ.

ರವಿವಾರ ತವರಿಗೆ ಹೋಗಿ, ಕಾಲೇಜಿನಲ್ಲಿ ಮಕ್ಕಳಿಗೆ ಹೇಳುವುದನ್ನೇ ಅವ್ವನಿಗೂ ಹೇಳಿದೆ. ಇದ್ದಿಲಿನಿಂದ ನೆಲದ ಮೇಲೆ ಬರೆದು ತೋರಿಸಿದೆ. ಮೊದಲು ಎಲ್ಲರಿಗೂ ಕಣ್ಣಿನ ಜಾಗ ಒಂದೇ ಪಟ್ಟಿ. ಅದರ ಕೆಳಗಿನ ಜೀವಕೋಶಗಳಿಂದ ಒಂದು ಪ್ರೊಟೀನು ಹೊರಟು, ನಡುವಿನವಕ್ಕೆ 'ನೀವು ಕಣ್ಣಾಗಬೇಡಿ' ಎಂದು ಸುದ್ದಿ ಮುಟ್ಟಿಸುತ್ತದೆ. ಆಗ ಪಟ್ಟಿ ಎರಡಾಗುತ್ತದೆ. ಸುದ್ದಿ ಮುಟ್ಟದಿದ್ದರೆ ಒಂದೇ ಕಣ್ಣು. ಮನುಷ್ಯರಲ್ಲಿ ಇದೆಲ್ಲ ನಾಲ್ಕನೆಯ ವಾರದ ಹೊತ್ತಿಗೇ ಆಗಿಹೋಗುತ್ತದೆ. ವೈಶಾಲಿ ತಿಂಗಳು ನಿಂತಿತೆಂದು ನಿನಗೆ ಹೇಳುವಾಗಲೇ ಕೂಸಿಗೆ ಎರಡು ಕಣ್ಣಿನ ಜಾಗ ನಿಗದಿಯಾಗಿತ್ತು.

ಅವ್ವ ಪೂರ್ತಿ ಕೇಳಿದಳು. ಆಮೇಲೆ ಅಂದಳು, "ಖರೆ ಇರಬೇಕು ಬಿಡವಾ. ಆದ್ರ ಆ ಸುದ್ದಿ ತಡದಾವ್ರು ಯಾರು?"

ಕುರಿ ಏನೋ ತಿಂದಿರಬಹುದು, ಹುಟ್ಟಿನಲ್ಲೇ ದೋಷ ಇರಬಹುದು, ಇಂಥದ್ದೇ ಎಂದು ನನಗೆ ಗೊತ್ತಿಲ್ಲ ಎಂದೆ.

"ಗೊತ್ತಿಲ್ಲಂದ್ರ ಸುಮ್ಕಿರು."

ಹದಿನಾಲ್ಕು ವರ್ಷ ಪಾಠ ಹೇಳಿದವಳು ನೆಲದ ಇದ್ದಿಲು ಒರೆಸಿ ಎದ್ದು ಬಂದೆ. ಏನು ಮಾಡಲಿ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮಗನ ಮಾತನ್ನು ಮಾತ್ರ ಅವ್ವ ತೆಗೆದುಹಾಕುವವಳಲ್ಲ. ಹಿಂಡನ್ನು ಕಾಮಣ್ಣನಿಗೆ ಒಪ್ಪಿಸಿ ನಾಳೆಯೇ ಬಸ್ಸು ಹತ್ತು. ಆ ಬಾಗಿಲು ನೀನೇ ತೆಗೆ.

ಬೀರೇಶ್ವರ ನಿನ್ನ ಹಿಂಡನ್ನೂ ಮನೆಯನ್ನೂ ಕಾಯಲಿ.

ನಿನ್ನ ಅಕ್ಕ,
ಶೈಲಾ

ತಾ.ಕ.: ನನ್ನ ಮಗಳು ಸೀಳುತುಟಿಯಿಂದ ಹುಟ್ಟಿದಾಗ "ಗ್ರಹಣದಾಗ ಕಾಯಿಪಲ್ಯ ಹೆಚ್ಚಿದ್ದಿ" ಎಂದು ಎಲ್ಲರೂ ನನ್ನ ಮೇಲೇ ಹಾಕಿದರು. ತುಟಿ ಹೊಲಿಸಿ ಒಂಬತ್ತು ವರ್ಷವಾಯಿತು, ಈಗ ಗುರುತೂ ಕಾಣುವುದಿಲ್ಲ. ಅವರು ಹಾಗೆ ಅಂದಾಗ ನೀನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಪಿಯುಸಿಯಲ್ಲಿ ನಿನಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನೇ, ನಿನಗೆಲ್ಲ ತಿಳಿದಿತ್ತು. ನಾನು ನಿನ್ನ ಮುಖ ನೋಡಿದೆ. ನೀನು ಎದ್ದು ಕುರಿಗೆ ನೀರು ಕುಡಿಸಲು ಹೋದೆ.